ಬ್ಲೋವರ್ ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಮೊದಲು ಗಡಿಯಾರ ನೋಡಿ

ಕುಮಟಾದಿಂದ ಶಿರಸಿಗೆ ಹೊರಟರೆ ಕತಗಾಲ ದಾಟಿದ ಮೇಲೆ ದೇವಿಮನೆ ಘಟ್ಟ ಶುರುವಾಗುತ್ತದೆ. ಜುಲೈ ತಿಂಗಳು, ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಕಾರಿನಲ್ಲಿ ನಾಲ್ಕು ಜನ, ಎಲ್ಲರ ಬಟ್ಟೆಯೂ ಅರ್ಧ ಒದ್ದೆ. ಗಾಜು ಮಂಜಾಗತೊಡಗಿತು. ಬ್ಲೋವರನ್ನು ನಾಲ್ಕನೇ ಸ್ಪೀಡಿಗೆ ಹಾಕಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಿದೆ. ಏಳೆಂಟು ನಿಮಿಷ ಚೆನ್ನಾಗಿಯೇ ಓಡಿತು. ಆಮೇಲೆ ಸದ್ದೇ ಇಲ್ಲ. ಮುಂದಿನ ತಿರುವು ಬರುವಷ್ಟರಲ್ಲಿ ಗಾಜು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಎದುರಿನಿಂದ ಬಸ್ಸಿನ ಹಾರ್ನ್ ಕೇಳುತ್ತಿದೆ, ಬಸ್ಸು ಕಾಣುತ್ತಿಲ್ಲ. ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿ, ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿದೆ. ಫ್ಯೂಸ್ ಬಾಕ್ಸ್ ತೆಗೆದರೆ ಹಳದಿ ಫ್ಯೂಸ್ ಹೋಗಿತ್ತು. ಆ ತಿಂಗಳಲ್ಲಿ ಅದು ಮೂರನೆಯದು.

ಬ್ಲೋವರ್ ಇರುವುದು ಬೇಸಿಗೆಯ ಸೆಕೆಗೆ ಎಂದು ಬಯಲುಸೀಮೆಯವರು ಅಂದುಕೊಳ್ಳಬಹುದು. ನಮ್ಮ ಕಾರವಾರ, ಅಂಕೋಲಾ, ಶಿರಸಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ವೈಪರ್‌ನಷ್ಟೇ ಮುಖ್ಯ. ಅದಕ್ಕೇ ಈ ದೋಷವನ್ನು ಸುಮ್ನೆ ಬಿಡಬಾರದು.

ನನ್ನ ಕಾರಿನ ವಿಷಯದಲ್ಲಿ ಮೊದಲು ಆದದ್ದೆಲ್ಲ ತಪ್ಪು ದಾರಿಯ ರಿಪೇರಿ. ಒಂದು ಗ್ಯಾರೇಜಿನಲ್ಲಿ ರೆಸಿಸ್ಟರ್, ಅಂದರೆ ಬ್ಲೋವರಿನ ಸ್ಪೀಡ್ ಕಮ್ಮಿ ಮಾಡುವ ಭಾಗ, ಬದಲಾಯಿಸಿದರು. ಹತ್ತು ದಿನ ಊರೊಳಗೆ ಓಡಾಡಿದೆ, ಏನೂ ಆಗಲಿಲ್ಲ. ಘಟ್ಟ ಹತ್ತಿದ ದಿನ ಮತ್ತೆ ಹೋಯಿತು. ಇನ್ನೊಂದು ಕಡೆ "ಘಟ್ಟದಲ್ಲಿ ಲೋಡ್ ಜಾಸ್ತಿ ಬರ್ತದೆ" ಎಂದು 20 ಆಂಪ್‌ನ ಹಳದಿ ಫ್ಯೂಸ್ ತೆಗೆದು 30 ಆಂಪ್‌ನ ಹಸಿರು ಫ್ಯೂಸ್ ಹಾಕಿಕೊಟ್ಟರು. ಅದು ಹೋಗಲೇ ಇಲ್ಲ. ಹದಿನೈದು ದಿನದ ಮೇಲೆ ಎಡಗಡೆ ಗ್ಲೋವ್ ಬಾಕ್ಸ್ ಹಿಂದಿನಿಂದ ಸುಟ್ಟ ವಾಸನೆ. ಬಗ್ಗಿ ನೋಡಿದರೆ ಮೋಟರಿನ ಕನೆಕ್ಟರ್ ಒಂದು ಬದಿಯಲ್ಲಿ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ವೈರಿನ ಹೊರಕವಚ ಎರಡು ಇಂಚು ಗಟ್ಟಿಯಾಗಿ, ಬಗ್ಗಿಸಿದರೆ ಬಿರಿಯುವ ಹಾಗಿತ್ತು. ಫ್ಯೂಸ್ ಕರಗಬೇಕಾದ ಕಡೆ ವೈರ್ ಕರಗತೊಡಗಿತ್ತು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಫ್ಯೂಸ್ ಬಾಕ್ಸಿನ ಮುಚ್ಚಳದಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ಹಾಕಬೇಕು. ಅದಕ್ಕಿಂತ ಒಂದು ಆಂಪ್ ಕೂಡ ಜಾಸ್ತಿ ಬೇಡ. ತಂತಿ ಚೂರು, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಇವಂತೂ ಬೇಡವೇ ಬೇಡ.

ಎಷ್ಟು ಹೊತ್ತಿಗೆ ಹೋಯಿತು?

ಇದೊಂದು ಪ್ರಶ್ನೆಗೆ ಉತ್ತರ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಯಾವ ಗ್ಯಾರೇಜಿನಲ್ಲೂ ನನ್ನನ್ನು ಇದನ್ನು ಕೇಳಲಿಲ್ಲ. ನಾನೂ ಹೇಳಲಿಲ್ಲ. "ಫ್ಯೂಸ್ ಹೋಗ್ತಾ ಉಂಟು" ಎಂದಷ್ಟೇ ಹೇಳಿದ್ದೆ.

20 ಆಂಪ್ ಫ್ಯೂಸ್ ಎಂದರೆ 20 ಮುಟ್ಟಿದ ತಕ್ಷಣ ಹೋಗುವಂಥದ್ದಲ್ಲ. 27 ಆಂಪ್ ಹರಿದರೆ, ಅಂದರೆ ಮೂರನೇ ಒಂದು ಭಾಗದಷ್ಟು ಜಾಸ್ತಿಯಾದರೆ, ಅದು ನಿಧಾನಕ್ಕೆ ಬಿಸಿಯಾಗುತ್ತದೆ. ಕೆಲವು ಸಲ ಒಂದು ನಿಮಿಷಕ್ಕೆ ಹೋಗುತ್ತದೆ, ಕೆಲವು ಸಲ ಹತ್ತು ನಿಮಿಷದ ತನಕವೂ ತಡೆಯುತ್ತದೆ. ಎರಡು ಪಟ್ಟು, ಅಂದರೆ 40 ಆಂಪ್ ಹರಿದರೆ ಐದು ಸೆಕೆಂಡಿನೊಳಗೆ ಹೋಗುತ್ತದೆ. ಪಾಸಿಟಿವ್ ವೈರ್ ಸೀದಾ ಕಾರಿನ ಲೋಹದ ಬಾಡಿಗೆ ತಾಗಿ ನೂರಾರು ಆಂಪ್ ನುಗ್ಗಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿರುತ್ತದೆ.

ಹಾಗಾಗಿ ಕೀ ತಿರುಗಿಸಿದ ತಕ್ಷಣ, ಬ್ಲೋವರ್ ಸ್ವಿಚ್ ಸೊನ್ನೆಯಲ್ಲಿ ಇರುವಾಗಲೇ ಹೋದರೆ ವೈರ್ ಎಲ್ಲೋ ಬಾಡಿಗೆ ತಾಗಿದೆ ಎಂದು ಹುಡುಕಲು ಹೊರಡಿ. ಸ್ವಿಚ್ ಹಾಕಿದ ಕೂಡಲೇ ಹೋದರೆ ಮೋಟರ್ ಜಾಮ್ ಆಗಿರಬೇಕು, ಇಲ್ಲವೇ ಒಳಗೇ ಶಾರ್ಟ್ ಆಗಿರಬೇಕು. ಐದು ಹತ್ತು ನಿಮಿಷ ಓಡಿ ಹೋದರೆ ಮೋಟರ್ ಕಷ್ಟಪಟ್ಟು ತಿರುಗುತ್ತಿದೆ. ಹೊಂಡ ಹಾರಿಸಿದಾಗ, ತಿರುವಿನಲ್ಲಿ ಮಾತ್ರ ಹೋದರೆ ಯಾವುದೋ ವೈರ್ ಲೋಹದ ಅಂಚಿಗೆ ಉಜ್ಜುತ್ತಿದೆ. ಬ್ಲೋವರ್ ಒಂದೇ ಓಡಿದರೆ ತೊಂದರೆ ಇಲ್ಲ, ಎ.ಸಿ. ಬಟನ್ ಒತ್ತಿದರೆ ಹೋಗುತ್ತದೆ ಎಂದಾದರೆ ಬ್ಲೋವರನ್ನು ಬಿಟ್ಟು ಕಂಪ್ರೆಸರ್ ಕ್ಲಚ್‌ನ ಕಾಯಿಲ್ ನೋಡಿ. ಕೆಲವು ಕಾರುಗಳಲ್ಲಿ ಎರಡಕ್ಕೂ ಒಂದೇ ಫ್ಯೂಸ್ ಇರುತ್ತದೆ.

ಹೋದ ಫ್ಯೂಸನ್ನು ಎಸೆಯಬೇಡಿ. ಬೆಳಕಿಗೆ ಹಿಡಿದು ನೋಡಿ. ಶಾರ್ಟ್ ಆಗಿ ಸಿಡಿದಿದ್ದರೆ ಪ್ಲಾಸ್ಟಿಕ್ಕಿನ ಒಳಗೆ ಮಸಿ ಹಿಡಿದಿರುತ್ತದೆ, ಲೋಹದ ಚಿಕ್ಕ ಚಿಕ್ಕ ಹನಿಗಳು ಅಂಟಿರುತ್ತವೆ. ನಿಧಾನಕ್ಕೆ ಕರಗಿದ್ದರೆ ಮಸಿ ಕಮ್ಮಿ, ನಡುವೆ ಸಣ್ಣ ಬಿರುಕು ಅಷ್ಟೇ. ಇನ್ನೊಂದು ಬಗೆ ಇದೆ. ಒಳಗಿನ ತಂತಿ ಸರಿಯಿದ್ದು ಕಾಲಿನ ಸುತ್ತ ಪ್ಲಾಸ್ಟಿಕ್ ಮಾತ್ರ ಕರಗಿದ್ದರೆ ದೋಷ ಮೋಟರಿನದ್ದಲ್ಲ. ಫ್ಯೂಸ್ ಕೂರುವ ಸಾಕೆಟ್ ಸಡಿಲವಾಗಿ, ಅಲ್ಲೇ ಕಾದಿದೆ. ಕರಾವಳಿಯ ಉಪ್ಪು ಗಾಳಿಗೆ ಆ ಸಾಕೆಟ್‌ನಲ್ಲಿ ಹಸಿರು ಕಿಲುಬು ಹಿಡಿಯುವುದು ಇಲ್ಲಿ ಸಾಮಾನ್ಯ.

ನನ್ನ ಮೂರೂ ಫ್ಯೂಸುಗಳಲ್ಲಿ ಮಸಿ ಇರಲಿಲ್ಲ. ಮೂರೂ ಹೋದದ್ದು ನಾಲ್ಕನೇ ಸ್ಪೀಡಿನಲ್ಲಿ, ಐದು ನಿಮಿಷ ಕಳೆದ ಮೇಲೆ. ಘಟ್ಟದಲ್ಲಿ ಮಾತ್ರ ಏಕೆ ಹೋಗುತ್ತಿತ್ತು ಎಂಬುದಕ್ಕೂ ಉತ್ತರ ಅಲ್ಲೇ ಇತ್ತು. ಕಾರವಾರದ ಪೇಟೆಯೊಳಗೆ ನಾನು ಎರಡನೇ ಸ್ಪೀಡ್ ದಾಟುವುದೇ ಇಲ್ಲ.

ರೆಸಿಸ್ಟರ್ ಮೇಲೆ ಯಾಕೆ ಅನುಮಾನ ಬೇಡ

ನಾಲ್ಕು ಸ್ಪೀಡಿನ ಹಳೇ ಬಗೆಯ ಬ್ಲೋವರಿನಲ್ಲಿ ಒಂದು, ಎರಡು, ಮೂರನೇ ಸ್ಪೀಡುಗಳಿಗೆ ಕರೆಂಟ್ ರೆಸಿಸ್ಟರ್ ಮೂಲಕ ಹೋಗುತ್ತದೆ. ನಾಲ್ಕಕ್ಕೆ ಹಾಕಿದರೆ ರೆಸಿಸ್ಟರನ್ನು ಬಿಟ್ಟು ನೇರ ದಾರಿ. ಅಂದರೆ ಕಡಿಮೆ ಸ್ಪೀಡಿನಲ್ಲಿ ರೆಸಿಸ್ಟರೇ ಕರೆಂಟಿಗೆ ತಡೆ ಹಾಕಿರುತ್ತದೆ, ಮೋಟರ್ ಕೆಟ್ಟಿದ್ದರೂ ಫ್ಯೂಸ್ ಉಳಿಯುತ್ತದೆ. ರೆಸಿಸ್ಟರ್ ಕೆಟ್ಟರೆ ಆಗುವುದು ಬೇರೆ: ಒಂದೆರಡು ಸ್ಪೀಡ್ ಓಡುವುದಿಲ್ಲ, ನಾಲ್ಕು ಮಾತ್ರ ಓಡುತ್ತದೆ. ಹಾಗಿದ್ದರೆ ಅದನ್ನು ಬದಲಾಯಿಸಿ. ಫ್ಯೂಸ್ ಹೋಗುವುದಕ್ಕೆ ಅದನ್ನು ದೂರುವುದರಲ್ಲಿ ಅರ್ಥ ಇಲ್ಲ. ಆದರೆ ಪದೇ ಪದೇ ರೆಸಿಸ್ಟರ್ ಸುಡುತ್ತಿದ್ದರೆ ಅದೂ ಮೋಟರ್ ಜಾಸ್ತಿ ಎಳೆಯುತ್ತಿದೆ ಎಂಬುದಕ್ಕೆ ಗುರುತು.

ಇನ್ನೊಂದು ವಿಷಯ. ತುಂಬಾ ಕಾರುಗಳಲ್ಲಿ ಮೋಟರಿಗೆ ಪಾಸಿಟಿವ್ ನೇರವಾಗಿ ಬಂದು, ರೆಸಿಸ್ಟರ್ ಮತ್ತು ಸ್ವಿಚ್ ಎರಡೂ ಅರ್ತ್ ಬದಿಯಲ್ಲಿ, ಅಂದರೆ ಮೋಟರಿನಿಂದ ಕಾರಿನ ಬಾಡಿಗೆ ಮರಳುವ ದಾರಿಯಲ್ಲಿ, ಇರುತ್ತವೆ. ಹಾಗಿರುವಾಗ ಅರ್ತ್ ಬದಿಯ ವೈರ್ ಬಾಡಿಗೆ ತಾಗಿದರೂ ಫ್ಯೂಸ್ ಹೋಗುವುದಿಲ್ಲ. ಬ್ಲೋವರ್ ತಾನಾಗಿಯೇ ಫುಲ್ ಸ್ಪೀಡಿನಲ್ಲಿ ಓಡುತ್ತದೆ ಅಷ್ಟೇ. ನಿಮ್ಮ ಕಾರು ಯಾವ ಬಗೆ ಎಂದು ತಿಳಿಯಬೇಕಾದರೆ ಕೀ ಹಾಕಿ, ಸ್ವಿಚ್ ಸೊನ್ನೆಯಲ್ಲಿಟ್ಟು, ಮೋಟರಿನ ಕನೆಕ್ಟರಿಗೆ ಮಲ್ಟಿಮೀಟರ್ ಹಿಡಿಯಿರಿ. ಆಗಲೇ ಒಂದು ವೈರಿನಲ್ಲಿ 12 ವೋಲ್ಟ್ ಸಿಕ್ಕಿದರೆ ಸ್ವಿಚ್ ಅರ್ತ್ ಬದಿಯಲ್ಲಿದೆ. ಆಟೊಮ್ಯಾಟಿಕ್ ಎ.ಸಿ. ಇರುವ ಕಾರುಗಳಲ್ಲಿ ರೆಸಿಸ್ಟರ್ ಬದಲು ಎಲೆಕ್ಟ್ರಾನಿಕ್ ಕಂಟ್ರೋಲ್ ಇರುತ್ತದೆ. ಅಲ್ಲಿ ಈ ಲೆಕ್ಕ ನೇರವಾಗಿ ಹೊಂದುವುದಿಲ್ಲ.

ಫ್ಯೂಸಿನ ಜಾಗದಲ್ಲಿ ಬಲ್ಬ್

ಕೀ ಹಾಕಿದ ತಕ್ಷಣ ಫ್ಯೂಸ್ ಹೋಗುತ್ತಿದ್ದರೆ ಫ್ಯೂಸ್ ಮೇಲೆ ಫ್ಯೂಸ್ ಹಾಕಿ ದುಡ್ಡು ಕಳೆಯಬೇಡಿ. ಹಳೇ ಹೆಡ್‌ಲೈಟ್ ಬಲ್ಬ್ ಒಂದು ತೆಗೆದುಕೊಳ್ಳಿ. ಒಂದು ಫಿಲಮೆಂಟ್ ಹೋಗಿದ್ದರೂ ಪರವಾಗಿಲ್ಲ, ಉಳಿದದ್ದು ಸಾಕು. ಎರಡು ವೈರ್ ಕಟ್ಟಿ, ಅವನ್ನು ಫ್ಯೂಸಿನ ಎರಡು ಸಾಕೆಟ್‌ಗೆ ಸಿಕ್ಕಿಸಿ. 55 ವಾಟಿನ ಬಲ್ಬ್ ಐದು ಆಂಪ್ ಒಳಗೇ ಕರೆಂಟನ್ನು ಹಿಡಿದಿಡುತ್ತದೆ, ಹಾಗಾಗಿ ಶಾರ್ಟ್ ಇದ್ದರೂ ಏನೂ ಸುಡುವುದಿಲ್ಲ. ಬಲ್ಬ್ ಮಾತ್ರ ಬೇಗ ಕಾಯುತ್ತದೆ. ಸೀಟಿನ ಮೇಲೆ, ಕಾರ್ಪೆಟ್ ಮೇಲೆ ಇಡಬೇಡಿ.

ಕೀ ಹಾಕಿ, ಸ್ವಿಚ್ ಸೊನ್ನೆ. ಬಲ್ಬ್ ಉರಿಯಬಾರದು. ಪೂರ್ತಿ ಬೆಳಗಿದರೆ ಶಾರ್ಟ್ ಇದೆ. ಈಗ ಮೋಟರಿನ ಕನೆಕ್ಟರ್ ಎಳೆಯಿರಿ. ಬಲ್ಬ್ ಆರಿತೇ? ದೋಷ ಮೋಟರಿನಲ್ಲಿ. ಇನ್ನೂ ಉರಿಯುತ್ತಿದೆಯೇ? ಹಾಗಿದ್ದರೆ ವೈರಿನಲ್ಲಿ, ಅಥವಾ ಅದೇ ಫ್ಯೂಸಿನಿಂದ ಹೋಗುವ ಬೇರೆ ಯಾವುದರಲ್ಲೋ. ಬಲ್ಬ್ ಉರಿಯುತ್ತಿರುವಾಗಲೇ ವೈರಿನ ಕಟ್ಟನ್ನು ಅಲ್ಲಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತ ಬನ್ನಿ. ಎಲ್ಲಿ ಮುಟ್ಟಿದಾಗ ಬಲ್ಬ್ ಮಿಣುಕುತ್ತದೋ ಅಲ್ಲಿ ನಿಲ್ಲಿ.

ಶಿರಸಿ ಹತ್ತಿರ ಅಡಿಕೆ ತೋಟ ಇರುವ ಗೆಳೆಯನ ಪಿಕಪ್‌ನಲ್ಲಿ ಹೀಗೇ ಸಿಕ್ಕಿತು. ಗಾಡಿ ನಿಲ್ಲಿಸುವುದು ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ, ಮೇಲೆ ಹುಲ್ಲಿನ ಅಟ್ಟ. ಗ್ಲೋವ್ ಬಾಕ್ಸ್ ಬಿಚ್ಚಿ ಕೈ ಹಾಕಿದರೆ ಮೊದಲು ಸಿಕ್ಕಿದ್ದು ಒಂದು ಮುಷ್ಟಿ ಒಣಹುಲ್ಲು, ಅದರೊಳಗೆ ಸಿಪ್ಪೆ ಗೋಟಿನ (ಸಿಪ್ಪೆ ಸುಲಿಯದ ಒಣ ಅಡಿಕೆ) ಚೂರು. ಇಲಿ ಅಲ್ಲೇ ಮನೆ ಮಾಡಿತ್ತು. ಎರಡು ವೈರ್ ತಾಮ್ರ ಕಾಣುವ ತನಕ ಕಡಿದಿತ್ತು, ಒಂದು ಕಬ್ಬಿಣದ ಪಟ್ಟಿಗೆ ತಾಗಿತ್ತು. ಆ ಎರಡನ್ನು ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಸುತ್ತಿ, ಮೇಲೆ ಸುಕ್ಕು ಕೊಳವೆ ಹಾಕಿದೆವು. ಬರೀ ಟೇಪ್ ಸುತ್ತಿ ಬಿಡಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಟೇಪಿನ ಅಂಟು ಒಂದೇ ವರ್ಷದಲ್ಲಿ ಬಿಟ್ಟುಬಿಡುತ್ತದೆ.

ಈ ಬಲ್ಬ್ ಪರೀಕ್ಷೆ ನೇರ ಶಾರ್ಟ್‌ಗೆ ಮಾತ್ರ. ನನ್ನ ಕಾರಿನ ಹಾಗೆ ನಿಮಿಷ ಕಳೆದ ಮೇಲೆ ಹೋಗುವ ದೋಷ ಇದರಲ್ಲಿ ಕಾಣುವುದಿಲ್ಲ.

ಕರೆಂಟ್ ಅಳೆಯುವುದು

ನಿಧಾನದ ದೋಷಕ್ಕೆ ಬೇಕಾದದ್ದು ಕ್ಲಾಂಪ್ ಮೀಟರ್, ಅಂದರೆ ವೈರ್ ಬಿಚ್ಚದೆ ಹೊರಗಿನಿಂದ ಹಿಡಿದೇ ಕರೆಂಟ್ ಅಳೆಯುವ ಮೀಟರ್. ಕೊಳ್ಳುವಾಗ ಡಿ.ಸಿ. ಆಂಪ್ (ಬ್ಯಾಟರಿ ಬಗೆಯ ಕರೆಂಟ್) ಅಳೆಯುತ್ತದೆಯೇ ಎಂದು ನೋಡಿಯೇ ಕೊಳ್ಳಿ. ಮನೆ ವೈರಿಂಗ್ ಮಾಡುವವರ ಹತ್ತಿರ ಇರುವ ಕಡಿಮೆ ಬೆಲೆಯವು ಹೆಚ್ಚಾಗಿ ಮನೆಗೆ ಬರುವ ಎ.ಸಿ. ಬಗೆಯ ಕರೆಂಟ್ ಮಾತ್ರ ಅಳೆಯುತ್ತವೆ. ಕಾರಿನ ವೈರಿಗೆ ಹಿಡಿದರೆ ಸೊನ್ನೆ ತೋರಿಸುತ್ತವೆ, ನಾವು ದಾರಿ ತಪ್ಪುತ್ತೇವೆ. ಸಾದಾ ಮಲ್ಟಿಮೀಟರನ್ನು ಸಾಲಿನಲ್ಲಿ ಸೇರಿಸಿ ಅಳೆಯಲು ಹೋಗಬೇಡಿ. ಅವುಗಳ ಮಿತಿ ಸಾಮಾನ್ಯವಾಗಿ 10 ಆಂಪ್, ಬ್ಲೋವರ್ ಅದನ್ನು ಸುಲಭವಾಗಿ ದಾಟುತ್ತದೆ.

ಮೋಟರಿಗೆ ಹೋಗುವ ಒಂದೇ ವೈರನ್ನು ಕ್ಲಾಂಪಿನೊಳಗೆ ಹಿಡಿಯಿರಿ. ಎರಡನ್ನೂ ಒಟ್ಟಿಗೆ ಹಿಡಿದರೆ ಒಂದರದ್ದು ಇನ್ನೊಂದರಲ್ಲಿ ಕಳೆದು ಸೊನ್ನೆ ಬರುತ್ತದೆ. ಮೊದಲು ಮೀಟರಿನ ಸೊನ್ನೆ ಬಟನ್ ಒತ್ತಿ. ಎಂಜಿನ್ ಸ್ಟಾರ್ಟ್ ಇರಲಿ. ಆಗ ವೋಲ್ಟೇಜ್ 14ರ ಹತ್ತಿರ ಇರುತ್ತದೆ, ರಸ್ತೆಯಲ್ಲಿ ಓಡುವಾಗಿನ ಲೆಕ್ಕವೇ ಸಿಗುತ್ತದೆ.

ನನ್ನದರಲ್ಲಿ ಎರಡನೇ ಸ್ಪೀಡಿನಲ್ಲಿ 9 ತೋರಿಸಿತು. ನಾಲ್ಕಕ್ಕೆ ಹಾಕಿದೆ: 23. ಬಿಟ್ಟೆ. ಮೂರು ನಿಮಿಷಕ್ಕೆ 25. ಆರನೇ ನಿಮಿಷಕ್ಕೆ 27, ಜೊತೆಗೆ ಒಳಗಿನಿಂದ ಸಣ್ಣಗೆ ಕುಂಯ್ ಎನ್ನುವ ಸದ್ದು. ಅಷ್ಟಕ್ಕೆ ಆಫ್ ಮಾಡಿದೆ. ಮುಖ್ಯವಾದದ್ದು ಈ ಏರಿಕೆ. ಒಳ್ಳೆ ಮೋಟರ್ ಹಾಕಿದ ಕೂಡಲೇ ಒಂದು ಕ್ಷಣ ಜಾಸ್ತಿ ಎಳೆದು, ಆಮೇಲೆ ಇಳಿದು ಒಂದು ಕಡೆ ನಿಲ್ಲುತ್ತದೆ. ಹೊತ್ತು ಹೋದ ಹಾಗೆ ಏರುತ್ತಿದ್ದರೆ ಬುಷ್, ಅಂದರೆ ಮೋಟರಿನ ಶಾಫ್ಟ್ ತಿರುಗುವ ಲೋಹದ ಬಳೆ, ಕಾದು ಶಾಫ್ಟನ್ನು ಬಿಗಿಯಾಗಿ ಹಿಡಿಯುತ್ತಿದೆ ಎಂದರ್ಥ.

ಒಂದು ತಪ್ಪು ನಂಬಿಕೆ ಇಲ್ಲೇ ಬಿಡಿಸಬೇಕು. ಕ್ಯಾಬಿನ್ ಫಿಲ್ಟರ್ ಕಟ್ಟಿದರೆ ಮೋಟರಿಗೆ ಲೋಡ್ ಜಾಸ್ತಿಯಾಗಿ ಫ್ಯೂಸ್ ಹೋಗುತ್ತದೆ ಎಂದು ತುಂಬಾ ಜನ ಹೇಳುತ್ತಾರೆ. ಆಗುವುದು ಉಲ್ಟಾ. ಈ ಬಗೆಯ ಫ್ಯಾನ್ ಗಾಳಿ ತಳ್ಳಿದರೆ ಮಾತ್ರ ದುಡಿಯುತ್ತದೆ. ಗಾಳಿ ಬರದಿದ್ದರೆ ಕೆಲಸ ಕಮ್ಮಿ, ಕರೆಂಟೂ ಕಮ್ಮಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ ಅಂಗೈ ಹಿಡಿದು ನೋಡಿ, ಮೋಟರಿನ ಸದ್ದು ಏರುತ್ತದೆ, ಹಗುರಾಗಿ ಜೋರು ತಿರುಗುತ್ತದೆ ಅಲ್ವಾ? ಹಾಗೇ ಇದೂ. ಕೊಳಕು ಫಿಲ್ಟರ್ ಬದಲಾಯಿಸಿ, ಬೇಡ ಅನ್ನುವುದಿಲ್ಲ. ಗಾಜಿನ ಮಂಜು ಬೇಗ ಹೋಗುತ್ತದೆ. ಆದರೆ ಫ್ಯೂಸಿಗೆ ಅದು ಔಷಧಿ ಅಲ್ಲ.

ಬಿಚ್ಚಿದಾಗ ಕಂಡದ್ದು

ನಮ್ಮ ದೇಶದ ಕಾರುಗಳಲ್ಲಿ ಮೋಟರ್ ಹೆಚ್ಚಾಗಿ ಎಡಗಡೆ, ಗ್ಲೋವ್ ಬಾಕ್ಸ್ ಕೆಳಗೆ ಇರುತ್ತದೆ. ಮೂರು ಸ್ಕ್ರೂ, ಒಂದು ಕನೆಕ್ಟರ್. ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು ಮೂರ್ನಾಲ್ಕು ನಿಮಿಷ ಕಾಯಿರಿ. ಮೇಲುಗಡೆ ಏರ್‌ಬ್ಯಾಗ್ ಇರುತ್ತದೆ. ಹಳದಿ ಬಣ್ಣದ ಕನೆಕ್ಟರ್, ಹಳದಿ ಸುತ್ತಿದ ವೈರ್ ಕಂಡರೆ ಮುಟ್ಟಬೇಡಿ.

ಮೋಟರ್ ಕೆಳಗಿಳಿಸಿದಾಗ ಅರ್ಧ ಲೋಟ ಕಂದು ನೀರು ನನ್ನ ಮೊಣಕೈ ಮೇಲೆ ಹರಿಯಿತು. ಫ್ಯಾನಿನ ಬುಟ್ಟಿಯಲ್ಲಿ ಗಾಳಿಮರದ ಸೂಜಿ ಎಲೆಗಳು. ನಾನು ದಿನಾ ಕಾರು ನಿಲ್ಲಿಸುವುದು ಕಾರವಾರದ ಕಡಲತೀರದ ಗಾಳಿಮರಗಳ ಕೆಳಗೆ. ಆ ಎಲೆ ದಾರದಷ್ಟು ಸಪೂರ. ವೈಪರ್ ಕೆಳಗಿನ ಜಾಲರಿಯ ಸಂದಿಯಲ್ಲಿ ಸಲೀಸಾಗಿ ಇಳಿಯುತ್ತದೆ. ನನ್ನ ಕಾರಿಗೆ ಕ್ಯಾಬಿನ್ ಫಿಲ್ಟರ್ ಬಂದೇ ಇರಲಿಲ್ಲ, ಖಾಲಿ ಜಾಗಕ್ಕೆ ಮುಚ್ಚಳ ಹಾಕಿದ್ದರು. ಹಾಗಾಗಿ ಎಲ್ಲ ಎಲೆಯೂ ನೇರ ಫ್ಯಾನಿಗೆ. ಬುಟ್ಟಿಯ ಅಡಿಯಲ್ಲಿ ಅದು ಸಗಣಿ ಸಾರಿಸಿದ ಹಾಗೆ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಶಾಫ್ಟಿನ ಬುಡದಲ್ಲಿ ತುಕ್ಕಿನ ಉಂಗುರ. ಬೆರಳಿನಿಂದ ತಿರುಗಿಸಿದರೆ ಫ್ಯಾನ್ ಅರ್ಧ ಸುತ್ತು ಹೋಗಿ ನಿಂತಿತು. ಒಳ್ಳೆಯದು ಬಿಟ್ಟ ಮೇಲೂ ನಾಲ್ಕಾರು ಸುತ್ತು ಹಗುರಾಗಿ ತಿರುಗಬೇಕು.

ಅಲ್ಲಿಗೆ ಎಲ್ಲ ಸರಿಹೊಂದಿತು. ಎಲೆ ಕೂತು ನೀರು ಹೋಗುವ ತೂತು ಕಟ್ಟಿದೆ. ಮಳೆನೀರು ಗಾಳಿದಾರಿಯಲ್ಲಿ ಒಳಗೆ ಇಳಿದಿದೆ. ಉಪ್ಪು ಗಾಳಿ, ನೀರು ಎರಡೂ ಸೇರಿ ಬುಷ್ ತುಕ್ಕು ಹಿಡಿದಿದೆ. ಎಡಗಡೆ ಕಾರ್ಪೆಟ್ ಒದ್ದೆ ಇದ್ದದ್ದನ್ನು ನಾನು ಮೊದಲೇ ನೋಡಿದ್ದೆ, ಕೊಡೆಯ ನೀರು ಅಂದುಕೊಂಡಿದ್ದೆ. ನಿಮಗೂ ಅಲ್ಲಿ ಒದ್ದೆ ಕಂಡರೆ ಯಾವ ನೀರು ಎಂದು ನೋಡಿ. ಮಳೆ ಬಂದಾಗ ಮಾತ್ರ ಆದರೆ ಮುಂಗಾಜಿನ ಕೆಳಗಿನ ತೂತು ಕಟ್ಟಿದೆ. ಬಿಸಿಲಿನಲ್ಲಿ ಎ.ಸಿ. ಹಾಕಿದಾಗ ಆದರೆ ಎ.ಸಿ. ನೀರು ಹೋಗುವ ಪೈಪ್ ಕಟ್ಟಿದೆ. ಬಣ್ಣ ಇದ್ದು ಜಿಡ್ಡಾಗಿ, ಸಿಹಿ ವಾಸನೆ ಬಂದರೆ ಅದು ಕೂಲಂಟ್, ಹೀಟರ್ ಸೋರುತ್ತಿದೆ.

ಮೋಟರನ್ನು ಎಣ್ಣೆ ಹಾಕಿ ಉಳಿಸಬಹುದೇ ಎಂದು ಕೇಳುವವರು ಇದ್ದಾರೆ. ಬುಷ್‌ಗೆ ಎರಡು ಹನಿ ಎಣ್ಣೆ ಬಿಟ್ಟರೆ ಕೆಲವು ದಿನ ಓಡಬಹುದು. ತುಕ್ಕು ಬಿಡಿಸುವ ಸ್ಪ್ರೇ ಒಳಗೆಲ್ಲ ಹೊಡೆಯುವುದು ಮಾತ್ರ ಬೇಡ. ಅದು ಕಾರ್ಬನ್ ಬ್ರಶ್ಶಿನ ಪುಡಿಯ ಜೊತೆ ಸೇರಿ ಕರಿ ಮುದ್ದೆಯಾಗುತ್ತದೆ. ಆ ಮುದ್ದೆ ಕಮ್ಯುಟೇಟರಿನ (ಬ್ರಶ್ ಉಜ್ಜುವ ತಾಮ್ರದ ಪಟ್ಟಿಗಳು) ಸಂದಿಗಳಲ್ಲಿ ಕೂತರೆ ಮೋಟರ್ ಒಳಗೇ ಶಾರ್ಟ್ ಆಗುತ್ತದೆ. ಶಾಫ್ಟಿನಲ್ಲಿ ತುಕ್ಕು ಕಂಡ ಮೇಲೆ ಬದಲಾಯಿಸುವುದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಘಟ್ಟದ ನಡುವೆ ಕೈಕೊಡುವ ವಸ್ತುವಿನಲ್ಲಿ ಉಳಿತಾಯ ಬೇಡ.

ಹೊಸ ಮೋಟರ್ ಜೊತೆ ಸುಟ್ಟ ಕನೆಕ್ಟರನ್ನೂ ವೈರಿನ ತುದಿಯನ್ನೂ ಬದಲಾಯಿಸಿದೆ. ಇದನ್ನು ಬಿಟ್ಟರೆ ಹಳೇ ಸಡಿಲ ಕನೆಕ್ಟರ್ ಹೊಸ ಮೋಟರಿನ ಕಾಲನ್ನೂ ಸುಡುತ್ತದೆ. ಹಳದಿ 20 ಆಂಪ್ ಫ್ಯೂಸ್ ವಾಪಸ್ ಹಾಕಿದೆ. ನಾಲ್ಕನೇ ಸ್ಪೀಡಿನಲ್ಲಿ ಕ್ಲಾಂಪ್ 13 ತೋರಿಸಿತು. ಇಪ್ಪತ್ತು ನಿಮಿಷ ಬಿಟ್ಟರೂ 13. ಫಿಲ್ಟರಿನ ಖಾಲಿ ಜಾಗಕ್ಕೆ ಫಿಲ್ಟರ್ ತಂದು ಹಾಕಿದೆ.

ದಾರಿಯಲ್ಲಿ ಹೋದರೆ

ಇಷ್ಟೆಲ್ಲ ಮಾಡುವ ಮೊದಲೇ ದೇವಿಮನೆ ಘಟ್ಟದಲ್ಲೋ ಅರಬೈಲ್ ಘಟ್ಟದಲ್ಲೋ ಫ್ಯೂಸ್ ಹೋದರೆ, ತಿರುವು ಇಲ್ಲದ ಕಡೆ ನಿಲ್ಲಿಸಿ, ಪಾರ್ಕಿಂಗ್ ಲೈಟುಗಳನ್ನು ಮಿನುಗಿಸಿ. ಎರಡೂ ಬದಿಯ ಕಿಟಕಿ ಎರಡು ಇಂಚು ಇಳಿಸಿದರೆ ಗಾಜಿನ ಮಂಜು ಸ್ವಲ್ಪ ಕಮ್ಮಿಯಾಗುತ್ತದೆ, ಭುಜ ಒದ್ದೆಯಾದರೂ ಆಗಲಿ. ಅಷ್ಟೇ ಆಂಪಿನ ಫ್ಯೂಸ್ ಇದ್ದರೆ ಹಾಕಿ, ಒಂದು ಅಥವಾ ಎರಡನೇ ಸ್ಪೀಡಿನಲ್ಲಿ ಮಾತ್ರ ಓಡಿಸಿ, ಗಾಳಿ ಪೂರ್ತಿ ಗಾಜಿಗೆ, ಹೊರಗಿನ ಗಾಳಿ ತೆಗೆದುಕೊಳ್ಳುವ ಹಾಗೆ. ಹಾಗೇ ಮುಂದಿನ ಊರು ಮುಟ್ಟಬಹುದು. ಹಾಕಿದ ತಕ್ಷಣ ಮತ್ತೆ ಹೋದರೆ ಇನ್ನೊಂದನ್ನು ಹಾಕಬೇಡಿ, ಅದು ಶಾರ್ಟ್.

ಮರದ ಕೆಳಗೆ ನಿಲ್ಲಿಸುವಾಗ ಗಾಳಿಯ ಲಿವರನ್ನು ಒಳಗಿನ ಗಾಳಿಗೆ ಹಾಕಿಟ್ಟು ಕೀ ತೆಗೆಯುವ ಅಭ್ಯಾಸ ಮಾಡಿಕೊಂಡಿದ್ದೇನೆ. ಹೊರಗಿನ ದಾರಿಯ ಬಾಗಿಲು ಮುಚ್ಚಿರುತ್ತದೆ. ಮೇ ಕೊನೆಯ ವಾರ ವೈಪರ್ ಕೆಳಗಿನ ಪ್ಲಾಸ್ಟಿಕ್ ತೆಗೆದು ದರಕು (ಒಣ ಎಲೆ) ಬಾಚಿ, ಒಂದು ಚೊಂಬು ನೀರು ಹೊಯ್ದು ಎರಡೂ ತೂತಿನಲ್ಲಿ ಸಲೀಸಾಗಿ ಇಳಿಯುತ್ತದೆಯೇ ಎಂದು ನೋಡುತ್ತೇನೆ. ಜಾಲರಿಯ ಕೆಳಗೆ ಸೊಳ್ಳೆ ಪರದೆಯ ಸ್ಟೀಲ್ ಮೆಶ್ ಕತ್ತರಿಸಿ ಕೂರಿಸಿದ್ದೇನೆ. ಈ ಸಲ ತೆಗೆದಾಗ ಮೆಶ್ಶಿನ ಮೇಲೆ ಎರಡು ಹಿಡಿ ಗಾಳಿಮರದ ಎಲೆ ಸಿಕ್ಕಿತು. ಕೆಳಗೆ ಒಂದೂ ಇರಲಿಲ್ಲ.